ಚೆಂಡು ಕಳೆದ ಮೇಲಿನ ಓಟ

ಗೋಲು ಹೊಡೆದವನ ಹೆಸರು ಊರಿಗೆಲ್ಲ ಗೊತ್ತು. ಗೋಲಾಗದಂತೆ ತಡೆಯಲು ಅರ್ಧ ಮೈದಾನ ಹಿಂದಕ್ಕೆ ಓಡಿ ಬಂದವನ ಹೆಸರು ಎಷ್ಟು ಜನಕ್ಕೆ ಗೊತ್ತು? ಹಾಕಿಯ ದೊಡ್ಡ ಹೆಸರುಗಳ ಹೆಗಲ ಮೇಲಿರುವ ಈ ಹೊಣೆಯನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಕಬಡ್ಡಿ ಅಂಕಣದ ಬದಿಯಲ್ಲಿ ನಿಂತು ನೋಡಿದ ವಿಶೇಷ ಲೇಖನ.

2024ರ ಆಗಸ್ಟ್ 4, ಭಾನುವಾರ ಮಧ್ಯಾಹ್ನ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರಿತ್ತು. ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿಯ ಗಡಿಬಿಡಿ. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ಹಾಕಿಯ ಕ್ವಾರ್ಟರ್‌ಫೈನಲ್, ಭಾರತಕ್ಕೆ ಗ್ರೇಟ್ ಬ್ರಿಟನ್ ಎದುರಾಳಿ. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಅವರ ಸ್ಟಿಕ್ ಬ್ರಿಟನ್‌ನ ವಿಲ್ ಕಾಲ್ನನ್ ಮುಖಕ್ಕೆ ತಾಗಿತು. ಬೇಕೆಂದೇ ಬೀಸಿದ್ದೋ, ಓಟದ ಭರದಲ್ಲಿ ಮೇಲೆದ್ದದ್ದೋ ಎಂಬ ವಾದ ಹಾಕಿ ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ಅಂಪೈರ್ ಮಾತ್ರ ಕೆಂಪು ಕಾರ್ಡ್ ತೋರಿಸಿಬಿಟ್ಟರು. ಭಾರತದ ಕಡೆ ಉಳಿದವರು ಹತ್ತು ಮಂದಿ, ಉಳಿದ ಆಟ 43 ನಿಮಿಷ.

ಹೊರಗೆ ಹೋದವರು ಸಾಮಾನ್ಯ ಆಟಗಾರರೂ ಅಲ್ಲ. ಒಡಿಶಾದ ಸುಂದರಗಢ ಜಿಲ್ಲೆಯ ರೋಹಿದಾಸ್ ತಂಡದ ರಕ್ಷಣೆಯ ಗಟ್ಟಿ ಕಂಬ. ಪೆನಾಲ್ಟಿ ಕಾರ್ನರ್ ಎಂದರೆ ಎಲ್ಲರಿಗಿಂತ ಮೊದಲು ಚೆಂಡಿಗೆ ಎದೆಗೊಟ್ಟು ನುಗ್ಗುವವರು ಅವರೇ. ಆ ಜಾಗ ಖಾಲಿಯಾದಾಗ ಮಧ್ಯಮೈದಾನದಿಂದ ಕೆಳಗಿಳಿದು ಅದನ್ನು ತುಂಬಿದವರು ಮನ್‌ಪ್ರೀತ್ ಸಿಂಗ್. ಮೂರು ವರ್ಷ ಹಿಂದೆ ಟೋಕಿಯೊದಲ್ಲಿ ನಾಯಕರಾಗಿ ಕಂಚು ಗೆದ್ದವರು, ನಾಲ್ಕನೇ ಒಲಿಂಪಿಕ್ಸ್ ಆಡುತ್ತಿದ್ದವರು. ಇಂಥ ಹೊತ್ತಿನಲ್ಲಿ ‘ನನ್ನ ಜಾಗ ಅದಲ್ಲ’ ಎನ್ನುವ ಹಿರಿಯರನ್ನು ನಾವು ಎಲ್ಲ ಆಟಗಳಲ್ಲೂ, ಎಲ್ಲ ಕಚೇರಿಗಳಲ್ಲೂ ಕಂಡಿದ್ದೇವೆ. ಇವರು ಹೋಗಿ ಸುಮ್ಮನೆ ನಿಂತರು.

22ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದರು. 27ನೇ ನಿಮಿಷದಲ್ಲಿ ಬ್ರಿಟನ್‌ನ ಲೀ ಮಾರ್ಟನ್ ಸಮ ಮಾಡಿದರು. ಅಲ್ಲಿಂದಾಚೆಗೆ ಗೋಲು ಕಾಣದ ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಆಟವಿದೆಯಲ್ಲ, ಹಾಕಿ ಕಲಿಯುವ ಹುಡುಗರಿಗೆ ಮುಖ್ಯಾಂಶಗಳ ಬದಲು ಅದನ್ನೇ ಪೂರ್ತಿ ತೋರಿಸಬೇಕು. ಬ್ರಿಟನ್ ಅಲೆಯ ಮೇಲೆ ಅಲೆಯಾಗಿ ಬರುತ್ತಿತ್ತು. ಗೋಲು ಹೊಡೆಯುವುದೇ ಕಸುಬಾದ ಅಭಿಷೇಕ್, ಸುಖ್‌ಜೀತ್, ಮನ್‌ದೀಪ್, ಲಲಿತ್ ಅಂಥವರೂ ತಮ್ಮದೇ ಗೋಲಿನ ಕಡೆಗೆ ಮುಖ ಮಾಡಿ ಓಡಿದರು. ಪಂದ್ಯ 1–1ರಲ್ಲಿ ನಿಂತಿತು. ಶೂಟೌಟ್‌ನಲ್ಲಿ ಭಾರತ 4–2. ಮರುದಿನ ಪತ್ರಿಕೆಗಳಲ್ಲಿ ಗೋಲಿ ಪಿ.ಆರ್. ಶ್ರೀಜೇಶ್ ಚಿತ್ರವೇ ದೊಡ್ಡದಾಗಿ ಬಂತು. ಅದು ನ್ಯಾಯವೇ. ಆದರೆ ಪಂದ್ಯವನ್ನು ಶೂಟೌಟ್‌ವರೆಗೆ ಎಳೆದು ತಂದವರ ಕಾಲುಗಳಿಗೆ ಯಾವ ಪುಟದಲ್ಲೂ ಜಾಗ ಸಿಕ್ಕಿದ್ದು ಕಡಿಮೆ.

ಹತ್ತೊಂಬತ್ತನೇ ಗೇಟು

ಈ ಪಂದ್ಯ ಮುಗಿದ ಆರನೇ ದಿನ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಅದಕ್ಕೆ ಎರಡು ದಿನ ಮೊದಲಷ್ಟೇ, 8ರಂದು, ಭಾರತ ಸ್ಪೇನ್ ತಂಡವನ್ನು 2–1ರಿಂದ ಸೋಲಿಸಿ ಕಂಚು ಗೆದ್ದಿತ್ತು. ಸಿಂಧನೂರಿನ ಚಹಾದಂಗಡಿಗಳಲ್ಲಿ ಹಾಕಿಯ ಮಾತು ಅಲ್ಲಿಗೇ ನಿಂತಿತು. ಎಲ್ಲರ ಬಾಯಲ್ಲೂ ಗೇಟಿನದೇ ಸುದ್ದಿ. 33 ಗೇಟುಗಳಲ್ಲಿ ಹೋದದ್ದು ಒಂದು. ಉಳಿದ 32 ತಮ್ಮ ಜಾಗದಲ್ಲೇ ಇದ್ದವು. ಆದರೂ ಸುಮಾರು 105 ಟಿಎಂಸಿ ಅಡಿ ಹಿಡಿಯುವ ಜಲಾಶಯ ಕಣ್ಣೆದುರೇ ಬಸಿಯತೊಡಗಿತು. ಒಂದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರೆಂಬುದು ನಮ್ಮ ಸೀಮೆಯ ಪುಣ್ಯ.

ಹಾಕಿಯಲ್ಲಿ ಡಿಫೆನ್ಸ್ ಎಂದರೆ ಹೀಗೇ. ಹನ್ನೊಂದು ಜನರಲ್ಲಿ ಒಬ್ಬ ತನ್ನ ಪಾಲಿನ ಗೇಟು ಬಿಟ್ಟರೆ ಉಳಿದ ಹತ್ತು ಎಷ್ಟು ಗಟ್ಟಿಯಾಗಿದ್ದರೂ ನೀರು ಆ ಸಂದಿನಲ್ಲೇ ಹೋಗುತ್ತದೆ. ಆ ಒಬ್ಬ ತಂಡದ ಅತ್ಯಂತ ಹೆಸರುವಾಸಿ ಆಟಗಾರನಾಗಿದ್ದರೂ ಅಷ್ಟೇ. ಎದುರಾಳಿ ತರಬೇತುದಾರರು ವಿಡಿಯೊ ನೋಡುವುದು ಅದಕ್ಕಾಗಿಯೇ: ಯಾವ ಫಾರ್ವರ್ಡ್ ಚೆಂಡು ಕಳೆದುಕೊಂಡ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನೆ ಎಂದು ಗುರುತಿಸಿ, ಅವನ ಬೆನ್ನ ಹಿಂದಿನ ಜಾಗದಿಂದಲೇ ದಾಳಿ ಹೆಣೆಯುತ್ತಾರೆ.

2023ರಲ್ಲಿ ಭಾರತ ತಂಡದ ತರಬೇತಿಯ ಹೊಣೆ ಹೊತ್ತ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಬಂದ ದಿನದಿಂದಲೂ ಹೇಳುತ್ತಿರುವುದು ಒಂದೇ ಮಾತು: ಗೆಲ್ಲಬೇಕೆಂದರೆ ಮೊದಲು ರಕ್ಷಿಸಿಕೊಳ್ಳಿ. ನಮ್ಮಲ್ಲಿ ಇದನ್ನು ಕೇಳಿ ಮೂಗು ಮುರಿದವರು ಇದ್ದರು. ಭಾರತದ ಹಾಕಿ ಎಂದರೆ ಡ್ರಿಬ್ಲಿಂಗ್, ಚೆಂಡಿನ ಜತೆ ಕುಣಿತ, ಧ್ಯಾನ್‌ಚಂದ್ ಪರಂಪರೆ. ಇದೇನು ಕೋಟೆಯ ಬಾಗಿಲು ಹಾಕಿಕೊಂಡು ಕೂರುವ ಆಟ ಎಂದು. ಫುಲ್ಟನ್ ಹೇಳಿದ ರಕ್ಷಣೆ ಹಿಂದೆ ಕೂರುವುದಲ್ಲ. ಚೆಂಡು ಕಳೆದ ಜಾಗದಲ್ಲೇ, ಕಳೆದ ಕ್ಷಣದಲ್ಲೇ, ಕಳೆದವನೇ ಅದನ್ನು ಮರಳಿ ಪಡೆಯಲು ಶುರು ಮಾಡುವುದು. ಅಂದರೆ ತಂಡದ ಮೊದಲ ಡಿಫೆಂಡರ್ ಸೆಂಟರ್ ಫಾರ್ವರ್ಡೇ. ಈ ಲೆಕ್ಕ ಒಪ್ಪಿದರೆ ಸ್ಟಾರ್ ಆಟಗಾರನಿಗೆ ವಿನಾಯಿತಿ ಎಂಬ ಮಾತೇ ಏಳುವುದಿಲ್ಲ.

ಐದು ಮಂದಿ ಮುಂದೆ ನಿಂತ ಕಾಲ

ಹಿಂದೆ ಹೀಗಿರಲಿಲ್ಲ. ಹುಲ್ಲಿನ ಮೈದಾನದ ಕಾಲದಲ್ಲಿ ಐದು ಫಾರ್ವರ್ಡ್, ಮೂರು ಹಾಫ್, ಇಬ್ಬರು ಬ್ಯಾಕ್, ಒಬ್ಬ ಗೋಲಿ. ಕೆಲಸ ಹಂಚಿಕೆ ಸ್ಪಷ್ಟ: ಮುಂದಿನವರು ಹೊಡೆಯಬೇಕು, ಹಿಂದಿನವರು ಕಾಯಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂತು, ಚೆಂಡಿನ ವೇಗ ಏರಿತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಹಾಸನ್ನು ಬೈದದ್ದೇ ಬಂತು. ಯುರೋಪಿನವರು ಹನ್ನೊಂದೂ ಮಂದಿ ಹಿಂದಕ್ಕೂ ಮುಂದಕ್ಕೂ ಓಡುವುದನ್ನು ಕಲಿತಿದ್ದಾರೆ ಎಂಬುದನ್ನು ನೋಡಲು ನಮಗೆ ಬಹಳ ಕಾಲ ಹಿಡಿಯಿತು. 1990ರ ದಶಕದ ಕೊನೆಗೆ ಆಫ್‌ಸೈಡ್ ನಿಯಮವನ್ನೂ ತೆಗೆದುಹಾಕಿದರು. ಎದುರಾಳಿ ಫಾರ್ವರ್ಡ್ ನಿಮ್ಮ ಗೋಲಿಯ ಪಕ್ಕದಲ್ಲೇ ಬಂದು ನಿಂತರೂ ಕೇಳುವವರಿಲ್ಲ. ಅವನನ್ನು ಕಾಯಲು ಯಾರಾದರೂ ಬರಲೇಬೇಕು.

ಕಾಯುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮವರದೇ ಹಳೆಯ ಕತೆಯೊಂದಿದೆ. 1973ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್ ಫೈನಲ್. ನಾಯಕ ಕೊಡಗಿನ ಎಂ.ಪಿ. ಗಣೇಶ್, ತಂಡದಲ್ಲಿ ಸೋಮವಾರಪೇಟೆಯ ಬಿ.ಪಿ. ಗೋವಿಂದ. ಆತಿಥೇಯರ ಎದುರು ಶುರುವಿನಲ್ಲೇ ಭಾರತ 2–0 ಮುಂದೆ. ಎರಡೂ ಗೋಲು ಹೊಡೆದವರು ಸುರ್ಜಿತ್ ಸಿಂಗ್, ಅವರೂ ಫುಲ್‌ಬ್ಯಾಕೇ. ಆ ಮುನ್ನಡೆ ಉಳಿಯಲಿಲ್ಲ. 2–2 ಆಯಿತು, ಹೆಚ್ಚುವರಿ ಸಮಯದಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕನ್ನು ಗೋವಿಂದ ಗೋಲಾಗಿಸಲಿಲ್ಲ, ಕೊನೆಗೆ ಟೈಬ್ರೇಕರ್‌ನಲ್ಲಿ ಕಪ್ ಕೈತಪ್ಪಿತು. ಕೈತಪ್ಪಿದ ಆ ಸ್ಟ್ರೋಕನ್ನು ಜನ ಇಂದಿಗೂ ನೆನೆಯುತ್ತಾರೆ. ಎರಡು ಗೋಲುಗಳ ಮುನ್ನಡೆ ಹೇಗೆ ಸೋರಿತು ಎಂದು ಯಾರೂ ಕೇಳುವುದಿಲ್ಲ. ಎರಡು ವರ್ಷದ ನಂತರ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು ಎಂಬುದನ್ನಾದರೂ ಜತೆಗೆ ನೆನೆಯಬೇಕು.

ಸುರ್ಜಿತ್ ಸಿಂಗ್ ಅವರಿಂದ ಹರ್ಮನ್‌ಪ್ರೀತ್‌ವರೆಗೆ ಭಾರತದ ಹಾಕಿಯ ಒಂದು ವಿಚಿತ್ರ ನೋಡಿ. ನಮ್ಮ ದೊಡ್ಡ ಗೋಲುಗಾರರಲ್ಲಿ ಹಲವರು ಕಾಯುವ ಜಾಗದವರು. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ ಹೊಡೆದ ಗೋಲು 10. ಇಡೀ ಕೂಟದಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೊಡೆದಿಲ್ಲ. ಆದರೆ ಅವರ ನಿತ್ಯದ ಕೆಲಸ ಡಿಫೆನ್ಸ್. ಕಾರ್ನರ್ ಸಿಕ್ಕಾಗ 91.4 ಮೀಟರ್ ಉದ್ದದ ಮೈದಾನದ ಆ ತುದಿಗೆ ಹೋಗಬೇಕು, ಫ್ಲಿಕ್ ಮಾಡಬೇಕು, ಗೋಲಾಗದೆ ಚೆಂಡು ಎದುರಾಳಿಗೆ ಸಿಕ್ಕರೆ ಉಸಿರು ತಿರುಗುವ ಮೊದಲೇ ಈ ತುದಿಗೆ ವಾಪಸಾಗಬೇಕು. ಕ್ಯಾಮೆರಾ ಹೋಗುವ ಓಟವನ್ನು ತೋರಿಸುತ್ತದೆ. ಬರುವ ಓಟ ಬಹಳ ಸಲ ಪರದೆಯ ಆಚೆಗೇ ಉಳಿಯುತ್ತದೆ.

ಕೊಡಗಿನ ಹುಡುಗರು, ಕೊನೆಯ ಮೂರು ಸೆಕೆಂಡು

ಕರ್ನಾಟಕದ ಹಾಕಿ ಎಂದರೆ ಕೊಡಗು ಎಂಬ ಮಾತು ರೂಢಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ತಂಡಗಳೊಂದಿಗೆ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ಹಬ್ಬವಾಗಿ ಬೆಳೆದಿತ್ತು. ಒಂದೇ ಮನೆತನದ ಹೆಸರಿನಲ್ಲಿ ಗಂಡು ಹೆಣ್ಣು, ಹಿರಿಯರು ಕಿರಿಯರು ಒಟ್ಟಿಗೆ ಇಳಿಯುವ ಕೂಟ ಅದು. ಅಂಥ ತಂಡದಲ್ಲಿ ದೊಡ್ಡಪ್ಪನಿಗೆ ‘ಸ್ವಲ್ಪ ಹಿಂದೆ ಬನ್ನಿ’ ಎಂದು ಹೇಳುವ ಧೈರ್ಯ ಯಾರಿಗಿರುತ್ತದೋ ಕಾಣೆ.

ಸುಮಾರು ಒಂದು ದಶಕ ಭಾರತದ ತಂಡದಲ್ಲಿ ಕೊಡಗಿನ ಎರಡು ಹೆಸರು ಒಟ್ಟಿಗೆ ಓಡಾಡಿದವು: ಫುಲ್‌ಬ್ಯಾಕ್ ವಿ.ಆರ್. ರಘುನಾಥ್ ಮತ್ತು ರೈಟ್ ವಿಂಗ್‌ನ ಎಸ್.ವಿ. ಸುನಿಲ್. ರಘುನಾಥ್ ಅವರ ಡ್ರ್ಯಾಗ್‌ಫ್ಲಿಕ್‌ಗೆ ಗೋಲ್‌ಕೀಪರ್‌ಗಳು ಅಂಜುತ್ತಿದ್ದರು. ಸೋಮವಾರಪೇಟೆಯ ಬಡಗಿಯ ಮಗ ಸುನಿಲ್ ಅವರದ್ದು ಬರೀ ಕಾಲು. ಗೆರೆಯ ಪಕ್ಕ ಅವರು ಓಟ ಕಿತ್ತರೆ ಹಿಡಿಯುವ ಡಿಫೆಂಡರ್ ವಿರಳ. 264 ಅಂತರರಾಷ್ಟ್ರೀಯ ಪಂದ್ಯ ಆಡಿ 2021ರಲ್ಲಿ ನಿವೃತ್ತರಾದರು. ಅಂಥ ವೇಗದ ವಿಂಗರ್‌ಗೆ ಒಂದು ಶಾಪವಿದೆ. ಎಷ್ಟು ಬೇಗ ಮುಂದೆ ಹೋಗುತ್ತಾನೋ, ಚೆಂಡು ಕಳೆದಾಗ ಅಷ್ಟೇ ದೂರ ಹಿಂದೆ ಬರಬೇಕು.

ಈ ಇಬ್ಬರೂ ಕಂಡ ಏಳುಬೀಳು ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ ಎಲ್ಲ ಪಂದ್ಯ ಸೋತು ಹನ್ನೆರಡನೇ ಸ್ಥಾನದಲ್ಲಿ, ಅಂದರೆ ಕಟ್ಟಕಡೆಗೆ, ನಿಂತಿತು. ಲೀಗ್‌ನ ಐದು ಪಂದ್ಯಗಳಲ್ಲಿ ಹೊಡೆದ ಗೋಲು 6, ಬಿಟ್ಟುಕೊಟ್ಟದ್ದು 18. ಆರು ಗೋಲು ಕಡಿಮೆಯೇ, ಒಪ್ಪೋಣ. ಆದರೆ ಪಂದ್ಯಕ್ಕೆ ಮೂರೂವರೆ ಗೋಲು ಬಿಡುವ ತಂಡಕ್ಕೆ ಯಾವ ಫಾರ್ವರ್ಡ್ ಬಂದು ಏನು ಮಾಡಿಯಾನು? ಎರಡೇ ವರ್ಷಕ್ಕೆ, 2014ರ ಇಂಚೆನ್ ಏಷ್ಯನ್ ಗೇಮ್ಸ್‌ನಲ್ಲಿ, ರಘುನಾಥ್, ಸುನಿಲ್, ನಿಕ್ಕಿನ್ ತಿಮ್ಮಯ್ಯ ಇದ್ದ ತಂಡ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1–1ಕ್ಕೆ ಕಟ್ಟಿಹಾಕಿ ಶೂಟೌಟ್‌ನಲ್ಲಿ 4–2ರಿಂದ ಗೆದ್ದು 16 ವರ್ಷಗಳ ನಂತರ ಚಿನ್ನ ತಂದಿತು. ಆ ಫೈನಲ್‌ನಲ್ಲಿ ಬಿಟ್ಟ ಗೋಲು ಒಂದೇ.

ಮತ್ತೆರಡು ವರ್ಷಕ್ಕೆ ರಿಯೊ. 2016ರ ಆಗಸ್ಟ್ 8, ಎದುರಾಳಿ ಜರ್ಮನಿ, ಅಂಕ 1–1, ಪಂದ್ಯ ಮುಗಿಯಲು ಮೂರು ಸೆಕೆಂಡು. ಕ್ರಿಸ್ಟೋಫರ್ ರೂರ್ ಹೊಡೆದ ಗೋಲಿನಿಂದ ಭಾರತ ಸೋತಿತು. ಭಾರತದ ಹಾಕಿಗೆ ಅಂಟಿದ ಈ ಕೊನೆ ಗಳಿಗೆಯ ರೋಗ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲೂ ಬಿಡಲಿಲ್ಲ. ಸೆಮಿಫೈನಲ್‌ನಲ್ಲಿ ಮಲೇಷ್ಯಾ 59ನೇ ನಿಮಿಷದಲ್ಲಿ ಸಮ ಮಾಡಿ ಶೂಟೌಟ್‌ನಲ್ಲಿ ಗೆದ್ದುಕೊಂಡಿತು. ಕೊನೆಯ ನಿಮಿಷದ ಗೋಲಿಗೆ ಗೋಲಿಯನ್ನು ಬೈಯುವುದು ಸುಲಭ. ಚಿತ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿದರೆ ಬಹಳ ಸಲ ಕಾಣುವುದು ಬೇರೆ: ನಲವತ್ತು ಮೀಟರ್ ದೂರದಲ್ಲಿ ಚೆಂಡು ಕಳೆದುಕೊಂಡ ಒಬ್ಬ, ಅವನನ್ನು ನಂಬಿ ಮುಂದೆ ಹೋದ ಇನ್ನೊಬ್ಬ, ಇಬ್ಬರ ನಡುವೆ ಬಾಯಿ ತೆರೆದ ಖಾಲಿ ಜಾಗ.

6.8 ಸೆಕೆಂಡಿನ ಒಂದು ಕಾರ್ನರ್

ಆ ರೋಗಕ್ಕೆ ಮದ್ದು ಸಿಕ್ಕ ದಿನವೆಂದರೆ 2021ರ ಆಗಸ್ಟ್ 5. ಟೋಕಿಯೊದ ಕಂಚಿನ ಪಂದ್ಯ. ಎದುರಾಳಿ ಮತ್ತದೇ ಜರ್ಮನಿ. 1–3ರಿಂದ ಹಿಂದಿದ್ದ ಭಾರತ 5–4ಕ್ಕೆ ಏರಿತ್ತು. ಗಡಿಯಾರದಲ್ಲಿ 6.8 ಸೆಕೆಂಡು ಉಳಿದಿರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್.

ಈ ಒಂದು ಕಾರ್ನರ್‌ನಲ್ಲಿ ಏನಾಗುತ್ತದೆ ಎಂದು ಹತ್ತಿರದಿಂದ ನೋಡಬೇಕು. ಕಾಯುವ ತಂಡದ ಐವರಿಗೆ ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಲು ಅವಕಾಶ: ಗೋಲಿ, ಜತೆಗೆ ನಾಲ್ವರು. ಉಳಿದವರೆಲ್ಲ ಮೈದಾನದ ನಡುಗೆರೆಯ ಆಚೆ. ನಾಲ್ವರೂ ಅವಸರದಲ್ಲಿ ಮುಖಕ್ಕೆ ಜಾಲರಿ ಮುಖವಾಡ, ಮೊಣಕಾಲಿಗೆ ಪ್ಯಾಡ್, ಕೈಗೆ ದಪ್ಪ ಗ್ಲೌಸ್ ಏರಿಸಿಕೊಳ್ಳುತ್ತಾರೆ. ಗೋಲುಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಎದುರಾಳಿ ಚೆಂಡು ತಳ್ಳುತ್ತಾನೆ. ಅದು ಆವರಣದ ಹೊರಗೆ ಹೋಗಿ ಒಬ್ಬನ ಸ್ಟಿಕ್‌ಗೆ ನಿಲ್ಲಬೇಕು, ಫ್ಲಿಕ್ ಮಾಡುವವನು ಅದನ್ನು ಎಳೆದು ಬೀಸಬೇಕು. ನೇರವಾಗಿ ಹೊಡೆದ ಮೊದಲ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ದಾಟಬಾರದು ಎಂಬ ನಿಯಮವಿದೆ. ಡ್ರ್ಯಾಗ್‌ಫ್ಲಿಕ್‌ಗೆ ಆ ಮಿತಿ ಇಲ್ಲ. ಎದೆಗೂ ಬರಬಹುದು, ಮುಖಕ್ಕೂ ಬರಬಹುದು. ಆ ಚೆಂಡಿನ ಹಾದಿಯಲ್ಲೇ ಒಬ್ಬ ಎದುರು ಓಡುತ್ತಾನೆ. ಮೊದಲು ನುಗ್ಗುವವನ ಕೆಲಸ ಅದು. ಅವನು ಚೆಂಡನ್ನು ತಪ್ಪಿಸಿಕೊಳ್ಳಲು ಓಡುವುದಿಲ್ಲ, ಚೆಂಡು ತನಗೇ ಬಡಿಯಲಿ ಎಂದೇ ಓಡುತ್ತಾನೆ.

ಅಂದು ಜರ್ಮನಿಯ ಹೊಡೆತ ಶ್ರೀಜೇಶ್ ಅವರನ್ನು ದಾಟಲಿಲ್ಲ. 41 ವರ್ಷಗಳ ನಂತರ ಒಲಿಂಪಿಕ್ಸ್ ಪದಕ ಬಂತು. ಶ್ರೀಜೇಶ್ ಗೋಲಿನ ಚೌಕಟ್ಟಿನ ಮೇಲೆ ಹತ್ತಿ ಕುಳಿತ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತು. ಅದೇ ಕೂಟದಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ 1–7ರಿಂದ ಸೋತಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲ. ಆ ಏಳು ಗೋಲುಗಳ ಮರುದಿನ ತಂಡದ ಕೋಣೆಯಲ್ಲಿ ನಡೆದ ಮಾತುಕತೆಗೆ ಕಿವಿಗೊಡುವ ಅವಕಾಶ ಸಿಕ್ಕಿದ್ದರೆ ಈ ಲೇಖನ ಇನ್ನೂ ಗಟ್ಟಿಯಾಗುತ್ತಿತ್ತು.

ಆ ಕಂಚಿನ ಪಂದ್ಯಕ್ಕೆ ಮೂರು ದಿನ ಮೊದಲು, ಆಗಸ್ಟ್ 2ರಂದು, ನಮ್ಮ ಹೆಣ್ಣುಮಕ್ಕಳು ಅದೇ ಆಸ್ಟ್ರೇಲಿಯಾದ ಮಹಿಳಾ ತಂಡವನ್ನು ಕ್ವಾರ್ಟರ್‌ಫೈನಲ್‌ನಲ್ಲಿ 1–0ಯಿಂದ ಮಣಿಸಿದ್ದರು. ಗುರ್ಜಿತ್ ಕೌರ್ 22ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು. ಆಮೇಲೆ ಉಳಿದ ಅಷ್ಟೂ ಹೊತ್ತು ಅದನ್ನು ಕಾದದ್ದು ಗೋಲಿ ಸವಿತಾ ಪೂನಿಯಾ ಮತ್ತು ಅವರ ಎದುರು ನಿಂತ ಹತ್ತು ಮಂದಿ. ಆಸ್ಟ್ರೇಲಿಯಾಕ್ಕೆ ಸಾಲು ಸಾಲು ಪೆನಾಲ್ಟಿ ಕಾರ್ನರ್ ಸಿಕ್ಕವು, ಒಂದೂ ಗೋಲಾಗಲಿಲ್ಲ. ನನ್ನ ಮಟ್ಟಿಗೆ ಭಾರತದ ಹಾಕಿಯ ಕಳೆದ ಕಾಲು ಶತಮಾನದ ಅತ್ಯುತ್ತಮ ರಕ್ಷಣೆ ಅದು, ಗಂಡಸರ ಪಂದ್ಯಗಳನ್ನೂ ಸೇರಿಸಿ.

ಮೆಸ್ಸಿ ನಡೆಯುತ್ತಾನಲ್ಲ?

ಇಷ್ಟು ಹೇಳಿದರೆ ಫುಟ್‌ಬಾಲ್ ನೋಡುವ ಹುಡುಗರು ಸುಮ್ಮನಿರುವುದಿಲ್ಲ. ಮೆಸ್ಸಿ ಪಂದ್ಯದ ಬಹಳ ಹೊತ್ತು ನಡೆಯುತ್ತಲೇ ಇರುತ್ತಾನಲ್ಲ, ಆದರೂ 2022ರಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆಲ್ಲಲಿಲ್ಲವೇ ಎನ್ನುತ್ತಾರೆ. ಮಾತು ನಿಜ. ಆ ತಂಡ ಒಬ್ಬನಿಗೆ ವಿನಾಯಿತಿ ಕೊಟ್ಟು, ಅವನ ಪಾಲಿನ ಓಟವನ್ನು ಡಿ ಪಾಲ್ ಅಂಥವರು ಹಂಚಿಕೊಂಡು ಓಡಿದರು. ಹಂಚಿಕೊಂಡವರ ಒಪ್ಪಿಗೆ ಇತ್ತು. ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವ ವಿನಾಯಿತಿ ಬೇರೆ.

ಆದರೆ ಈ ವಾದ ಹಾಕಿಗೆ ಒಪ್ಪುವುದಿಲ್ಲ, ಅದಕ್ಕೆ ಕಾರಣ ನಿಯಮದಲ್ಲೇ ಇದೆ. ಫುಟ್‌ಬಾಲ್‌ನಲ್ಲಿ ಒಮ್ಮೆ ಹೊರಹೋದವನು ಮತ್ತೆ ಬರುವಂತಿಲ್ಲ. ಹಾಗಾಗಿ 90 ನಿಮಿಷಕ್ಕೆ ಉಸಿರು ಉಳಿಸಿಕೊಳ್ಳಬೇಕು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಹೊರಗೆ ಹೋಗಿ ಬೆಂಚಿನಲ್ಲಿ ಕುಳಿತು, ನೀರು ಕುಡಿದು, ಮತ್ತೆ ಒಳಗೆ ಬರಬಹುದು. ಆಟವೂ 15 ನಿಮಿಷದ ನಾಲ್ಕು ತುಂಡು. ದಣಿದಿದ್ದೀರಾ, ಕೈ ಎತ್ತಿ ಹೊರಗೆ ಬನ್ನಿ. ಒಳಗಿದ್ದಷ್ಟು ಹೊತ್ತು ಓಡಿ. ಈ ಅನುಕೂಲ ಇರುವ ಆಟದಲ್ಲಿ ಮೈದಾನದ ಮಧ್ಯೆ ನಿಂತು ವಿಶ್ರಾಂತಿ ಪಡೆಯುವ ಸ್ಟಾರ್ ಆಟಗಾರ ಸಹ ಆಟಗಾರರ ಉಸಿರನ್ನು ಕದಿಯುತ್ತಾನೆ ಎಂದೇ ನಾನು ತಿಳಿಯುವುದು.

ಹಾಗಂತ ಹೊಣೆ ಬರೀ ಆಟಗಾರನದ್ದೇ ಎನ್ನಲಾಗದು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಬೆಂಗಳೂರಿನ ಗೋಲಿ ಆಶಿಶ್ ಬಲ್ಲಾಳ್ ದಕ್ಷಿಣ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದು 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ದಕ್ಕಿಸಿದರು. ಕೆಲವೇ ವಾರಗಳಲ್ಲಿ ಪಾಕಿಸ್ತಾನದ ಎದುರಿನ ಸರಣಿಗೆ ತಂಡ ಪ್ರಕಟವಾದಾಗ ಅದರಲ್ಲಿ ನಾಯಕ ಧನರಾಜ್ ಪಿಳ್ಳೈ ಇರಲಿಲ್ಲ, ಬಲ್ಲಾಳ್ ಕೂಡ ಇರಲಿಲ್ಲ. ತಂಡಕ್ಕಾಗಿ ಮೈ ಒಡ್ಡಿದವನ ಬೆನ್ನಿಗೆ ತಂಡ ಕಟ್ಟುವವರು ನಿಲ್ಲದಿದ್ದರೆ, ಮುಂದಿನ ತಲೆಮಾರಿನ ಹುಡುಗ ಲೆಕ್ಕ ಹಾಕುವುದು ಸಹಜ: ಮೈ ಒಡ್ಡಿ ಏನು ಸಿಕ್ಕಿತು, ಗೋಲು ಹೊಡೆದರಾದರೂ ನೌಕರಿ ಸಿಗುತ್ತದೆ.

ನಮ್ಮ ಸೀಮೆಯ ಅಂಕಣದಲ್ಲಿ

ನಮ್ಮ ಕಡೆಗೆ ಹಾಕಿ ಬಂದದ್ದು ಬಹುಪಾಲು ಟಿ.ವಿ. ಪರದೆಯ ಮೇಲೆ. ಇಲ್ಲಿನ ನೆಲದ ಆಟ ಕಬಡ್ಡಿ. ಸಿಂಧನೂರಿನ ಕ್ಯಾಂಪುಗಳಿರಲಿ, ಹಟ್ಟಿ ಚಿನ್ನದ ಗಣಿಯ ಸುತ್ತಲ ಊರುಗಳಿರಲಿ, ಮಸ್ಕಿಯ ಹಳ್ಳಿಗಳಿರಲಿ, ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಬ್ಯಾನರ್ ಕಾಣದ ವೃತ್ತ ಕಡಿಮೆ. ಅಂಕಣದ ಬದಿಯಲ್ಲಿ ಕೂತವರ ಬಾಯಲ್ಲಿ ಒಂದು ಮಾತು ಕೇಳಿಬರುವುದುಂಟು: ‘ರೈಡ್ ಏನೋ ಭಾರಿ ಮಾಡ್ತಾನ, ಹಿಡಿಯಾಕ ಕರದ್ರ ಮೂಲ್ಯಾಗ ನಿಂದರ್ತಾನ.’ ಹಾಕಿ ವಿಮರ್ಶಕರು ಪುಟಗಟ್ಟಲೆ ಬರೆಯುವುದನ್ನೇ ಅವರು ಒಂದು ಸಾಲಿನಲ್ಲಿ ಹೇಳಿಬಿಡುತ್ತಾರೆ.

ಕಬಡ್ಡಿಯ ನಿಯಮ ಈ ವಿಷಯದಲ್ಲಿ ಹಾಕಿಗಿಂತ ಖಡಕ್ಕು. ರೈಡಿಗೆ ಹೋಗಿ ಸಿಕ್ಕಿಬಿದ್ದ ಸ್ಟಾರ್ ಹೊರಗೆ ಕೂರಬೇಕು. ಅವನು ಎಷ್ಟೇ ದೊಡ್ಡವನಾಗಲಿ, ತಾನಾಗಿ ಎದ್ದು ಒಳಗೆ ಬರುವಂತಿಲ್ಲ. ಒಳಗಿರುವವರು ಎದುರಾಳಿಯ ಒಬ್ಬನನ್ನು ಔಟ್ ಮಾಡಿದರಷ್ಟೇ ಇವನಿಗೆ ಜೀವ. ಅಂದರೆ ಕಾರ್ನರ್‌ನಲ್ಲಿ ನಿಂತು ಪಾದಕ್ಕೆ ಕೈ ಹಾಕುವ ಹುಡುಗನೇ ಎಷ್ಟೋ ಸಲ ರೈಡರನ್ನು ಅಂಕಣಕ್ಕೆ ಮರಳಿ ತರುವುದು. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ.

ಒಬ್ಬನೇ ಗೆಲ್ಲಿಸಿದ ಉದಾಹರಣೆ ಇಲ್ಲವೇ? ಇದೆ, ಅದೂ ನಮ್ಮದೇ ತಂಡದ್ದು. 2019ರ ಜನವರಿ 5ರಂದು ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬರೇ ತಂದ ಅಂಕ 22. ಅದನ್ನು ನೋಡಿ ನಮ್ಮ ಕಡೆಯ ಹುಡುಗರೆಲ್ಲ ಪವನ್ ಆಗಲು ಹೊರಟರು. ಐದು ವರ್ಷಗಳ ನಂತರ, 2024ರ ಮಾರ್ಚ್ 1ರಂದು, ಪುಣೇರಿ ಪಲ್ಟನ್ ಹರಿಯಾಣ ಸ್ಟೀಲರ್ಸ್ ಎದುರು 28–25ರಿಂದ ಪ್ರಶಸ್ತಿ ಗೆದ್ದಿತು. ತರಬೇತುದಾರ ನಮ್ಮ ರಾಜ್ಯದ ಬಿ.ಸಿ. ರಮೇಶ್, ಅವರೂ ಒಂದು ಕಾಲದ ಹೆಸರಾಂತ ಆಟಗಾರ. ಆ ತಂಡದ ಇರಾನಿ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ ಆ ಋತುವಿನಲ್ಲಿ ಗಳಿಸಿದ ಟ್ಯಾಕಲ್ ಅಂಕ 99, ಎಲ್ಲರಿಗಿಂತ ಹೆಚ್ಚು. ಎರಡು ಫೈನಲ್‌ಗಳಲ್ಲಿ ಯಾವುದು ಚೆಂದ ಎಂದು ಕೇಳಿದರೆ ಮೊದಲನೆಯದು ಎನ್ನುವವರೇ ಹೆಚ್ಚು. ತಂಡ ಕಟ್ಟಬೇಕಾದ ದೈಹಿಕ ಶಿಕ್ಷಕರನ್ನು ಕೇಳಿದರೆ ಉತ್ತರ ಬೇರೆಯೇ ಬಂದೀತು. ಏಕೆಂದರೆ ಪವನ್ ಎಲ್ಲ ಊರಿನಲ್ಲೂ ಹುಟ್ಟುವುದಿಲ್ಲ. ಕಾಲಿಗೆ ಕೈ ಹಾಕಲು ಹೆದರದ ಹುಡುಗರು ಪ್ರತಿ ಊರಿನಲ್ಲೂ ಇರುತ್ತಾರೆ.

ಮಸ್ಕಿಯ ಹೆಸರು ಬಂದ ಮೇಲೆ ಅಲ್ಲಿನ ಶಾಸನದ ಬಂಡೆಯನ್ನು ನೆನೆಯದೆ ಹೋಗಲಾಗದು. 1915ರಲ್ಲಿ ಈ ಶಾಸನ ಸಿಗುವವರೆಗೆ ಎಷ್ಟೋ ಕಲ್ಲುಗಳ ಮೇಲೆ ದೇವಾನಾಂಪ್ರಿಯ ಎಂಬ ಬಿರುದಿತ್ತು. ರಾಜನ ಕೆಲಸಗಳೆಲ್ಲ ಗೊತ್ತಿದ್ದವು. ಅವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಕಲ್ಲು. ಹಾಕಿಯ ಅಂಕಪಟ್ಟಿಯಲ್ಲಿ ಡಿಫೆಂಡರ್‌ಗಳು ಇನ್ನೂ 1915ರ ಮೊದಲಿನ ಸ್ಥಿತಿಯಲ್ಲೇ ಇದ್ದಾರೆ. ಗೋಲು ಹೊಡೆದವನ ಹೆಸರು, ನಿಮಿಷ ಎಲ್ಲ ದಾಖಲು. ತಪ್ಪಿಸಿದ ಗೋಲಿಗೆ ನಿಮಿಷವೂ ಇಲ್ಲ, ಹೆಸರೂ ಇಲ್ಲ.

ಗೋಲ್‌ಕೀಪರ್‌ಗಳ ಪಾಡು ಈಗೀಗ ಸ್ವಲ್ಪ ವಾಸಿ. ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ವರ್ಷದ ಗೋಲ್‌ಕೀಪರ್ ಪ್ರಶಸ್ತಿ ಶ್ರೀಜೇಶ್ ಅವರಿಗೆ 2021, 2022, 2024ರಲ್ಲಿ ಬಂತು. ಮೊದಲು ನುಗ್ಗುವವನಿಗೆ ಅಂಥ ಪ್ರಶಸ್ತಿ ಎಲ್ಲೂ ಇಲ್ಲ. ಫಾರ್ವರ್ಡ್ ಪಂದ್ಯವೊಂದರಲ್ಲಿ ಎಷ್ಟು ಸಲ ಹಿಂದಕ್ಕೆ ಓಡಿದ ಎಂಬುದನ್ನು ಬೆನ್ನಿಗೆ ಕಟ್ಟಿದ ಜಿಪಿಎಸ್ ಪೆಟ್ಟಿಗೆ ಅಳೆಯುತ್ತದೆ. ಆ ಅಂಕಿ ತರಬೇತುದಾರರ ಲ್ಯಾಪ್‌ಟಾಪ್ ದಾಟಿ ನಮ್ಮ ಟಿ.ವಿ. ಪರದೆಗೆ ಬರುವುದು ಅಪರೂಪ. ಬಂದರೆ ನೋಡುವವರ ಚಪ್ಪಾಳೆಯ ಜಾಗ ಬದಲಾದೀತು, ಚಪ್ಪಾಳೆಯ ಜಾಗ ಬದಲಾದರೆ ಆಡುವವರ ಓಟವೂ.

ವಿಚಿತ್ರವೆಂದರೆ ಈ ವಿಷಯದಲ್ಲಿ ನಮ್ಮ ಹಳ್ಳಿಯ ಕಬಡ್ಡಿ ಸಮಿತಿಗಳು ದೊಡ್ಡ ಸಂಸ್ಥೆಗಳಿಗಿಂತ ಮುಂದಿವೆ. ಉತ್ತಮ ರೈಡರ್ ಜತೆಗೆ ಉತ್ತಮ ಕ್ಯಾಚರ್, ಆಲ್‌ರೌಂಡರ್ ಬಹುಮಾನಗಳನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸುವ ಪದ್ಧತಿ ಅವರದು. ಕೊರತೆ ಒಂದೇ: ರೈಡರ್‌ಗೆ ದೊಡ್ಡ ಟ್ರೋಫಿ, ಕ್ಯಾಚರ್‌ಗೆ ಅದಕ್ಕಿಂತ ಗೇಣು ಸಣ್ಣದು ಎಂಬ ಲೆಕ್ಕ ಎಷ್ಟೋ ಕಡೆ ಇನ್ನೂ ನಡೆದಿದೆ. ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಎರಡೂ ಟ್ರೋಫಿ ಒಂದೇ ಎತ್ತರ ಎಂದು ಒಂದು ಸಾಲು ಸೇರಿಸಿದರೆ ಆಯಿತು. ದಾನಿಗಳ ಫೋಟೊಗಳಿಗೆ ಆಮೇಲೂ ಸಾಕಷ್ಟು ಜಾಗ ಉಳಿಯುತ್ತದೆ.